ಚಪ್ಪಲಿ ಕಾಯುವವರಿಲ್ಲದ ಪ್ರವಾಸ



ರಜೆಯ ದಿನ ಮೇಲುಕೋಟೆಗೋ ಶ್ರವಣಬೆಳಗೊಳಕ್ಕೋ ಹೋದರೆ ಮೆಟ್ಟಿಲುಗಳ ಬುಡದಲ್ಲಿ ಹಿರಿಯರ ಒಂದು ಸಾಲು ಕೂತಿರುತ್ತದೆ. ಮಡಿಲಲ್ಲಿ ಮೊಮ್ಮಗುವಿನ ಸ್ವೆಟರು, ಪಕ್ಕದಲ್ಲಿ ಊಟದ ಬುಟ್ಟಿ, ಎದುರಿಗೆ ಮನೆಮಂದಿಯ ಚಪ್ಪಲಿಗಳು. ಯಾರೂ ಅವರನ್ನು ಬಲವಂತವಾಗಿ ಕೂರಿಸಿದ್ದಲ್ಲ. "ನೀವೆಲ್ಲ ಹೋಗ್ಬನ್ನಿ, ನಾನಿಲ್ಲೇ ಚಪ್ಪಲಿ ನೋಡ್ಕೊಂಡು ಕೂತಿರ್ತೀನಿ" ಎಂದು ಹೇಳಿದವರು ಅವರೇ. ಮಕ್ಕಳು ಪ್ರೀತಿಯಿಂದಲೇ ಕರೆದುಕೊಂಡು ಬಂದಿರುತ್ತಾರೆ. ಆದರೆ ಎಷ್ಟು ಹೊತ್ತಿಗೆ ಹೊರಡಬೇಕು, ಎಲ್ಲಿ ನಿಲ್ಲಬೇಕು, ಒಂದು ದಿನದಲ್ಲಿ ಎಷ್ಟು ಊರು ಮುಗಿಸಬೇಕು ಎಂಬ ಲೆಕ್ಕವನ್ನೆಲ್ಲ ಹಾಕಿರುವುದು ಓಡಾಡಬಲ್ಲವರ ಕಾಲಿಗೆ. ಆ ಲೆಕ್ಕದೊಳಗೆ ಹಿರಿಯರು ಹೇಗೋ ಹೊಂದಿಕೊಳ್ಳುತ್ತಾರೆ. ಹೊಂದಿಕೊಂಡು ಹೊಂದಿಕೊಂಡು ಕೊನೆಗೆ ಅವರ ಪಾಲಿಗೆ ಉಳಿಯುವುದು ಮೆಟ್ಟಿಲಿನ ಬುಡ.

ಇವತ್ತು ನಾನು ಹೇಳಬೇಕೆಂದಿರುವುದು ಬೇರೆ ಬಗೆಯ ಪ್ರವಾಸದ ಬಗ್ಗೆ. ಒಂದು ಬಡಾವಣೆಯ ಹಿರಿಯರು ತಾವೇ ಸೇರಿ, ತಮ್ಮ ಕಾಲಿಗೆ ಒಗ್ಗುವಂತೆ ಲೆಕ್ಕ ಹಾಕಿ, ತಮ್ಮದೇ ದುಡ್ಡಿನಲ್ಲಿ ಬೆಳಿಗ್ಗೆ ಹೋಗಿ ಸಂಜೆ ಮನೆ ಸೇರುವ ಪ್ರವಾಸ. ಮೈಸೂರಿನ ಬಡಾವಣೆಗಳಲ್ಲಿ ಪಾರ್ಕಿನ ಬೆಂಚಿನ ಮೇಲೆ ಹುಟ್ಟಿಕೊಂಡ ಇಂಥ ಬಳಗಗಳಿವೆ. ನಮ್ಮಲ್ಲೂ ಒಂದಿದೆ. ಅದರ ಓಡಾಟದ ಹೊಣೆ ಹೊತ್ತವರಲ್ಲಿ ನಾನೂ ಒಬ್ಬಳು.

ಎಲ್ಲಿಗೆ ಹೋಗೋಣ ಎಂದು ಕೇಳಿದರೆ ಮೊದಲು ಬರುವ ಹೆಸರುಗಳು ದೊಡ್ಡವು. ಕಾಶಿ, ರಾಮೇಶ್ವರ, ಪಂಢರಾಪುರ. ಆ ಆಸೆಗೆ ಗೌರವ ಕೊಟ್ಟೇ ನಾವು ಒಂದು ಗಂಟೆಯ ದಾರಿಗೆ ಬರುತ್ತೇವೆ. ಹೊಸದಾಗಿ ಶುರುಮಾಡುವವರಿಗೆ ನಾನು ಹೇಳುವುದು ನಂಜನಗೂಡು. ಮೈಸೂರಿನಿಂದ ಇಪ್ಪತ್ತೈದು ಕಿಲೋಮೀಟರಿನ ಒಳಗೆ ಇದೆ, ರೈಲೂ ಇದೆ, ಬೆಟ್ಟ ಹತ್ತುವ ಕೆಲಸವಿಲ್ಲ, ಶ್ರೀಕಂಠೇಶ್ವರನ ಗುಡಿಯೊಳಗೆ ನೆರಳಿನಲ್ಲೇ ನಿಧಾನವಾಗಿ ಸುತ್ತಬಹುದು. ದಾರಿಯಲ್ಲಿ ಕಪಿಲೆಯ ಮೇಲೆ 1735ರ ಹಳೆಯ ಸೇತುವೆ ಕಾಣುತ್ತದೆ. ಇಷ್ಟು ಸಣ್ಣ ಓಡಾಟದಲ್ಲೇ ಯಾರಿಗೆ ಬಸ್ಸಿನಲ್ಲಿ ತಲೆ ತಿರುಗುತ್ತದೆ, ಯಾರಿಗೆ ಎಡಗಿವಿ ಕೇಳಿಸುವುದಿಲ್ಲ, ಯಾರು ಹಸಿವು ತಡೆಯಲಾರರು, ಯಾರು ನೋವಿದ್ದರೂ ಬಾಯಿಬಿಡುವುದಿಲ್ಲ ಎಂಬುದೆಲ್ಲ ತಿಳಿದುಬಿಡುತ್ತದೆ. ಕೊನೆಯ ಗುಂಪಿನವರ ಮೇಲೆ ಹೆಚ್ಚು ಕಣ್ಣಿಡಬೇಕು.

ದುಡ್ಡಿನ ಮಾತು. 2023ರ ಜೂನ್ 11ರಿಂದ ಶಕ್ತಿ ಯೋಜನೆ ಬಂದ ಮೇಲೆ ನಮ್ಮ ರಾಜ್ಯದ ಹೆಂಗಸರಿಗೆ ಸಾಮಾನ್ಯ ಸರ್ಕಾರಿ ಬಸ್ಸಿನಲ್ಲಿ ಟಿಕೆಟ್ಟಿನ ಖರ್ಚಿಲ್ಲ. ಅರವತ್ತು ದಾಟಿದ ಗಂಡಸರಿಗೆ ಶೇಕಡ 25ರಷ್ಟು ರಿಯಾಯಿತಿ ಉಂಟು. ಧರ್ಮಸ್ಥಳಕ್ಕೆ, ಮಲೆ ಮಹದೇಶ್ವರ ಬೆಟ್ಟಕ್ಕೆ ಅಕ್ಕತಂಗಿಯರು, ಓರಗಿತ್ತಿಯರು, ನೆರೆಹೊರೆಯವರು ಗುಂಪುಗಟ್ಟಿ ಹೊರಟದ್ದನ್ನು ನಾವೆಲ್ಲ ಕಣ್ಣಾರೆ ನೋಡಿದ್ದೇವೆ. ಅದಕ್ಕೆ ಮೊದಲು ಬಸ್ಸಿನ ಚಾರ್ಜಿಗೂ ಮಗನ ಮುಖ ನೋಡಬೇಕಾಗಿದ್ದ ತಾಯಂದಿರಿಗೆ ಅದು ಎಂಥ ಬಿಡುಗಡೆ ಎಂಬುದು ಅಂಕಿಯಲ್ಲಿ ಹೇಳುವ ಸಂಗತಿಯಲ್ಲ. ರೈಲಿನಲ್ಲಿ ಹಿರಿಯರಿಗಿದ್ದ ರಿಯಾಯಿತಿ 2020ರ ಮಾರ್ಚಿನಲ್ಲಿ ನಿಂತದ್ದು ಹಾಗೆಯೇ ನಿಂತಿದೆ. ಅದು ಮರಳಿ ಬರಬೇಕೆಂಬುದು ನನ್ನ ಬಲವಾದ ಅಭಿಪ್ರಾಯ.

ಆದರೆ ಗುಂಪು ದೊಡ್ಡದಾದಾಗ ಮಾಮೂಲಿ ಬಸ್ಸು ಸಾಲದು. ನಿಂತು ಪ್ರಯಾಣ ಮಾಡಲಾರದವರು, ಬೇಕಾದಾಗ ಬಸ್ಸು ನಿಲ್ಲಿಸಬೇಕಾದವರು ಇರುತ್ತಾರೆ. ಆಗ ಒಪ್ಪಂದದ ಬಸ್ಸನ್ನೇ ಹಿಡಿಯಬೇಕು. ಅದಕ್ಕೆ ಶಕ್ತಿ ಯೋಜನೆ ಅನ್ವಯಿಸುವುದಿಲ್ಲ, ಪೂರ್ತಿ ಬಾಡಿಗೆಯನ್ನು ಎಲ್ಲರೂ ಹಂಚಿಕೊಳ್ಳಬೇಕು. ನಮ್ಮಲ್ಲಿ ಒಳ್ಳೆಯ ಪಿಂಚಣಿ ಬರುವ ನಿವೃತ್ತ ಅಧಿಕಾರಿಗಳೂ ಇದ್ದಾರೆ, ಸಂಧ್ಯಾ ಸುರಕ್ಷಾ ಪಿಂಚಣಿಯ ತಿಂಗಳ 1200 ರೂಪಾಯಿಯಲ್ಲಿ ದಿನ ದೂಡುವವರೂ ಇದ್ದಾರೆ. ಶ್ರೀಮಂತರೊಬ್ಬರು ಮುಂದೆ ಬಂದು ಎಲ್ಲರ ಖರ್ಚೂ ನನ್ನದೇ ಎಂದರೆ ಕೆಲಸ ಸುಲಭವಾಗುತ್ತದೆ ಎನಿಸಬಹುದು. ಹಾಗೆ ಮಾಡಬೇಡಿ. ಬಿಟ್ಟಿ ಎಂದ ಕೂಡಲೇ ಅಭಿಮಾನಿಗಳು ಹಿಂದೆ ಸರಿಯುತ್ತಾರೆ, ಬಂದವರು ಬಾಯಿ ಕಟ್ಟಿಕೊಂಡು ಕೂರುತ್ತಾರೆ. ಎಲ್ಲರಿಂದಲೂ ವಂತಿಗೆ ಇರಲಿ. ಯಾರು ಎಷ್ಟು ಕೊಟ್ಟರು ಎಂಬುದು ಖಜಾಂಚಿ ಒಬ್ಬರಿಗೆ ಮಾತ್ರ ಗೊತ್ತಿರಲಿ. ಐವತ್ತು ರೂಪಾಯಿಯನ್ನು ಸೆರಗಿನ ಗಂಟಿನಿಂದ ಬಿಚ್ಚಿ ಕೊಟ್ಟವರು ಬಸ್ಸಿನಲ್ಲಿ "ಆ ಕಿಟಕಿ ಸ್ವಲ್ಪ ತೆಗೀರಪ್ಪ" ಎಂದು ಹಕ್ಕಿನಿಂದ ಹೇಳುತ್ತಾರೆ. ನನಗೆ ಬೇಕಾದದ್ದು ಆ ದನಿ.

ಈಗ ಯಾರೂ ಸಭೆಯಲ್ಲಿ ಬಾಯಿಬಿಟ್ಟು ಹೇಳದ, ಆದರೆ ಎಲ್ಲರ ಮನಸ್ಸಿನಲ್ಲೂ ಇರುವ ವಿಷಯಕ್ಕೆ ಬರುತ್ತೇನೆ. ಶೌಚಾಲಯ. ಪ್ರವಾಸಕ್ಕೆ ಬರಲ್ಲ ಎನ್ನುವ ಹೆಂಗಸರಲ್ಲಿ ಬಹಳ ಮಂದಿ ಮಂಡಿನೋವು ಎಂದು ಕಾರಣ ಕೊಡುತ್ತಾರೆ. ಪಕ್ಕಕ್ಕೆ ಕರೆದು ಕೇಳಿದರೆ ನಿಜ ಹೊರಬೀಳುತ್ತದೆ: ದಾರಿಯಲ್ಲಿ ಅವಸರವಾದರೆ ಏನು ಮಾಡಲಿ? ಗಂಡಸರಿಗೂ ಪ್ರಾಸ್ಟೇಟಿನ ತೊಂದರೆ ಇರುತ್ತದೆ. ಅವರು ಅದನ್ನು ಇನ್ನೂ ಗುಟ್ಟಾಗಿ ಇಡುತ್ತಾರೆ. ಇದಕ್ಕೆ ಹಿರಿಯರು ತಾವೇ ಕಂಡುಕೊಂಡ ಉಪಾಯ ಅಪಾಯದ್ದು. ಬೆಳಗಿನಿಂದ ನೀರೇ ಕುಡಿಯುವುದಿಲ್ಲ. ವಯಸ್ಸಾದಂತೆ ಬಾಯಾರಿಕೆ ತಿಳಿಯುವುದೇ ಕಡಿಮೆ. ಅದರ ಮೇಲೆ ಬೀಪಿಗೆಂದು, ಕಾಲಿನ ಊತಕ್ಕೆಂದು ನೀರಿಳಿಸುವ ಮಾತ್ರೆ ನುಂಗಿರುತ್ತಾರೆ. ಬಿಸಿಲಿನಲ್ಲಿ ಮಧ್ಯಾಹ್ನದ ಹೊತ್ತಿಗೆ ತಲೆಸುತ್ತಿ ಕುಸಿಯುವುದಕ್ಕೆ ಇಷ್ಟು ಸಾಕು. ಕೆಲವರು ಆ ದಿನ ಮಾತ್ರೆಯನ್ನೇ ಬಿಡುತ್ತಾರೆ, ಅದು ಇನ್ನೊಂದು ಗಂಡಾಂತರ. ಹೊತ್ತು ಬದಲಿಸಬಹುದೇ ಎಂದು ವೈದ್ಯರನ್ನು ಮೊದಲೇ ಕೇಳಿಕೊಳ್ಳಿ ಎಂದು ನಾವು ಎಲ್ಲರಿಗೂ ಹೇಳುತ್ತೇವೆ.

ಆದ್ದರಿಂದ ನಮ್ಮ ಪ್ರವಾಸದ ಮೊದಲ ಕೆಲಸ ದೇವಸ್ಥಾನದ ಸಮಯ ವಿಚಾರಿಸುವುದಲ್ಲ. ಇಬ್ಬರು ಮುಂಚೆಯೇ ಅದೇ ದಾರಿಯಲ್ಲಿ ಹೋಗಿ ಶೌಚಾಲಯಗಳನ್ನು ನೋಡಿ ಬರುತ್ತಾರೆ. ಅವರಲ್ಲಿ ಒಬ್ಬರು ಹೆಂಗಸಾಗಿರಲೇಬೇಕು. ನೀರು ಬರುತ್ತದೆಯೇ, ಬಾಗಿಲಿಗೆ ಚಿಲಕ ಉಂಟೇ, ಮಂಡಿ ಬಗ್ಗಿಸಲಾರದವರು ಕೂರುವ ಕಮೋಡು ಉಂಟೇ, ಒಳಗೆ ಹೋಗಲು ಎಷ್ಟು ಮೆಟ್ಟಿಲು, ಹಿಡಿದುಕೊಳ್ಳಲು ಏನಾದರೂ ಇದೆಯೇ. ಹೊರಡುವ ಮುಂಚೆ ಈ ಪಟ್ಟಿಯನ್ನು ಎಲ್ಲರ ಎದುರಿಗೆ ಓದುತ್ತೇವೆ. ಮುಕ್ಕಾಲು ಗಂಟೆಗೊಮ್ಮೆ ಬಸ್ಸು ನಿಲ್ಲುತ್ತದೆ ಎಂದು ಗಟ್ಟಿಯಾಗಿ ಹೇಳಿದರೆ ನೀರಿನ ಬಾಟಲಿ ತಾನಾಗಿ ಚೀಲದಿಂದ ಹೊರಗೆ ಬರುತ್ತದೆ.

ಉಳಿದ ಸಿದ್ಧತೆ ಬೇಗ ಹೇಳಿ ಮುಗಿಸುತ್ತೇನೆ. ಬಸ್ಸಿನ ಮೊದಲ ಮೆಟ್ಟಿಲು ಎತ್ತರವಿರುತ್ತದೆ, ಒಂದು ಗಟ್ಟಿ ಮರದ ಮಣೆ ಜೊತೆಗಿರಲಿ. ಹೆಸರು, ಮನೆಯವರ ಫೋನು, ತೆಗೆದುಕೊಳ್ಳುವ ಮಾತ್ರೆಗಳು, ಯಾವ ಔಷಧಿ ಆಗಿಬರುವುದಿಲ್ಲ ಎಂಬುದನ್ನು ಬರೆದ ಚೀಟಿ ಎಲ್ಲರ ಜೇಬಿನಲ್ಲಿರಲಿ. ಇನ್ಸುಲಿನ್ ಚುಚ್ಚಿಕೊಂಡವರಿಗೆ ಊಟ ತಡವಾಗಬಾರದು. ಅಡುಗೆಯವರು ಕೈಕೊಟ್ಟರೂ ಚೀಲದಲ್ಲಿ ಬಾಳೆಹಣ್ಣು, ಬಿಸ್ಕತ್ತು, ಬೆಲ್ಲ ಇರಬೇಕು. ಹತ್ತಿರದ ಆಸ್ಪತ್ರೆ ಎಲ್ಲಿದೆ ಎಂದು ಗೊತ್ತಿರಲಿ. 108ಕ್ಕೆ ಫೋನು ಮಾಡುವವರು ಯಾರು ಎಂಬುದನ್ನೂ ಮೊದಲೇ ಗೊತ್ತುಮಾಡಿ, ಇಲ್ಲದಿದ್ದರೆ ಎಲ್ಲರೂ ಇನ್ನೊಬ್ಬರು ಮಾಡಿರುತ್ತಾರೆ ಎಂದುಕೊಳ್ಳುತ್ತಾರೆ.

ಇಷ್ಟೆಲ್ಲ ಆದಮೇಲೂ ಒಂದು ತಡೆ ಇರುತ್ತದೆ. "ಮಗ ಬೇಡ ಅಂತಾನೆ." ಮಗ ಕೆಟ್ಟವನಲ್ಲ. ಅಮ್ಮ ಬಿದ್ದು ಸೊಂಟದ ಮೂಳೆ ಮುರಿದರೆ ಎಂಬ ಭಯ ಅವನದು, ಆ ಭಯಕ್ಕೆ ಆಧಾರವೂ ಇದೆ. ಆದರೆ ಮನೆಯಲ್ಲೇ, ಬಚ್ಚಲಲ್ಲೇ ಜಾರಿ ಬೀಳುವವರು ಬಹಳ ಮಂದಿ. ಕೂತಲ್ಲೇ ಕೂತರೆ ಕಾಲಿನ ಸ್ನಾಯು ಸೊರಗುತ್ತದೆ, ಸೊರಗಿದ ಕಾಲು ಇನ್ನೂ ಬೇಗ ಎಡವುತ್ತದೆ. ಇದನ್ನು ನಾವು ಮನೆಗೆ ಹೋಗಿ, ಕಾಫಿ ಕುಡಿಯುತ್ತಾ, ಮಕ್ಕಳ ಎದುರಿಗೇ ಹೇಳುತ್ತೇವೆ. ಮಕ್ಕಳಿಂದ ಅಪ್ಪಣೆ ಕೇಳುವುದಕ್ಕಲ್ಲ, ವಿಷಯ ತಿಳಿಸುವುದಕ್ಕೆ. ಇಷ್ಟು ವರ್ಷ ಸಂಸಾರ, ಹೊಲ, ಕಚೇರಿ, ಸಾವುನೋವು ಎಲ್ಲವನ್ನೂ ನಿಭಾಯಿಸಿದವರು ಒಂದು ದಿನದ ಮಟ್ಟಿಗೆ ಹೋಗುವುದೋ ಬೇಡವೋ ಎಂದು ತಾವೇ ಹೇಳಬಲ್ಲರು. ಈ ಒಂದು ವಿಷಯದಲ್ಲಿ ನಾನು ರಾಜಿಯಾಗುವುದಿಲ್ಲ.

ಈಗ ಸೋಮನಾಥಪುರಕ್ಕೆ ಬನ್ನಿ. ಮೈಸೂರಿನಿಂದ ಬನ್ನೂರಿನ ದಾರಿಯಾಗಿ ಮೂವತ್ತೈದು ಕಿಲೋಮೀಟರಿನಷ್ಟು. ಕಾವೇರಿ ನಾಲೆಯ ನೀರು, ಗದ್ದೆ, ಕಬ್ಬು. ಕಿಟಕಿಯ ಪಕ್ಕ ಕೂತವರಿಗೆ ಆ ದಾರಿಯೇ ಅರ್ಧ ಪ್ರವಾಸ. ಹೊಯ್ಸಳ ದೊರೆ ಮೂರನೆಯ ನರಸಿಂಹನ ದಂಡನಾಯಕ ಸೋಮನಾಥ 1258ರಲ್ಲಿ ಕಟ್ಟಿಸಿದ ಕೇಶವ ದೇವಾಲಯ ಅದು. 2023ರ ಸೆಪ್ಟೆಂಬರಿನಲ್ಲಿ ಬೇಲೂರು, ಹಳೇಬೀಡುಗಳ ಜೊತೆಗೆ ಯುನೆಸ್ಕೊ ವಿಶ್ವ ಪರಂಪರೆಯ ಪಟ್ಟಿಗೆ ಸೇರಿತು. ಹಿರಿಯರ ಗುಂಪಿಗೆ ಅದಕ್ಕಿಂತ ಒಗ್ಗುವ ಜಾಗ ನಮ್ಮ ಸೀಮೆಯಲ್ಲಿ ಇನ್ನೊಂದಿಲ್ಲ ಎಂದು ನನಗನಿಸುತ್ತದೆ. ಸುತ್ತಲೂ ಕೈಸಾಲೆ ಇದೆ. ದಣಿದವರು ಅಲ್ಲಿ ನೆರಳಿನಲ್ಲಿ ಕೂತರೂ ಇಡೀ ದೇವಾಲಯ ಕಣ್ಣೆದುರಿಗೇ ಇರುತ್ತದೆ. ಕೂತದ್ದಕ್ಕಾಗಿ ನೋಡುವುದು ತಪ್ಪುವುದಿಲ್ಲ.

ಬೆಳಿಗ್ಗೆ ಬಾಗಿಲು ತೆರೆಯುವ ಹೊತ್ತಿಗೇ ಅಲ್ಲಿರಬೇಕು. ಚಪ್ಪಲಿ ಬಿಟ್ಟು ನಡೆಯುವ ಜಾಗ, ಮಧ್ಯಾಹ್ನಕ್ಕೆ ಕಲ್ಲು ಕಾದ ಹಂಚಾಗುತ್ತದೆ. ನಮ್ಮನಿಮ್ಮಂಥವರು ಕಾಲು ಸುಟ್ಟ ಕೂಡಲೇ ಪಕ್ಕಕ್ಕೆ ಜಿಗಿಯುತ್ತೇವೆ. ಬಹಳ ವರ್ಷದಿಂದ ಸಕ್ಕರೆ ಕಾಯಿಲೆ ಇರುವವರಲ್ಲಿ ಎಷ್ಟೋ ಜನರ ಅಂಗಾಲು ಮರಗಟ್ಟಿರುತ್ತದೆ. ಬೊಬ್ಬೆ ಬಂದದ್ದು ಅವರಿಗೆ ಮನೆಗೆ ಹೋಗಿ ಕಾಲು ತೊಳೆಯುವಾಗಲೇ ತಿಳಿಯುವುದು. ಆ ಗಾಯ ಬೇಗ ಮಾಯುವುದೂ ಇಲ್ಲ. ಅದಕ್ಕೆ ದಪ್ಪ ಹತ್ತಿಯ ಕಾಲುಚೀಲ ಎಲ್ಲರಿಗೂ ಕಡ್ಡಾಯ. ವಾಪಸು ಬಸ್ಸು ಹತ್ತುವ ಮುಂಚೆ ಅಂಗಾಲು ನೋಡಿಕೊಳ್ಳುವುದೂ ಕಡ್ಡಾಯ.

ಒಳಗೆ ಮೂರು ಗರ್ಭಗುಡಿ. ಕೇಶವ, ಜನಾರ್ದನ, ವೇಣುಗೋಪಾಲ. ನವರಂಗದ ಮೇಲೆ ಒಂದೊಂದು ಅಂಕಣಕ್ಕೂ ಒಂದೊಂದು ಬಗೆಯ ಭುವನೇಶ್ವರಿ, ಅಂದರೆ ಕೆತ್ತನೆಯ ಒಳಛಾವಣಿ; ಬಾಳೆಯ ಮೋತೆ ಇಳಿಬಿದ್ದಂತಿರುವುದೂ ಉಂಟು. ಕತ್ತು ಹಿಂದಕ್ಕೆ ಬಾಗಿಸಿ ನೋಡಿದರೆ ಕುತ್ತಿಗೆಯ ಎಲುಬು ಸವೆದವರಿಗೆ ತಲೆ ಸುತ್ತುತ್ತದೆ. ನಾವು ಮನೆಯಿಂದ ಕೈಗನ್ನಡಿ ಒಯ್ಯುತ್ತೇವೆ. ಎದೆಯ ಮಟ್ಟಕ್ಕೆ ಹಿಡಿದು ಕೆಳಗೆ ನೋಡಿದರೆ ಮೇಲಿನ ಕೆತ್ತನೆ ಅಂಗೈಯಲ್ಲಿ ಬಂದು ಕೂರುತ್ತದೆ. ಹಾಗೆ ನೋಡುವವರ ಮುಖ ನೋಡುವುದು ನನಗೆ ಕೆತ್ತನೆಯಷ್ಟೇ ಇಷ್ಟ.

ಹೊರಗೋಡೆಯ ಪಟ್ಟಿಕೆಗಳ ಹತ್ತಿರ ಯಾರಿಗೂ ಮಾರ್ಗದರ್ಶಿ ಬೇಕಾಗುವುದಿಲ್ಲ. ಆನೆಯ ಸಾಲು, ಕುದುರೆಯ ಸಾಲು, ಬಳ್ಳಿ, ಅದರ ಮೇಲೆ ರಾಮಾಯಣ, ಭಾಗವತ, ಮಹಾಭಾರತದ ಕಥೆಗಳು. ಹರಿಕಥೆ ಕೇಳಿ, ಯಕ್ಷಗಾನ, ಕಂಪನಿ ನಾಟಕ ನೋಡಿ ಬೆಳೆದವರು ಇವರು. ಶಾಲೆಯ ಮೆಟ್ಟಿಲು ಹತ್ತದ ಅಜ್ಜಿಯೂ ಕಲ್ಲಿನ ಮುಂದೆ ನಿಂತು, ಇದು ವಾಲಿ ಸುಗ್ರೀವರ ಜಗಳ, ಮರದ ಹಿಂದೆ ಇರೋನು ರಾಮ ಎಂದು ಹೇಳಬಲ್ಲಳು. ಪದವಿ ಪಡೆದವರು ಅವಳ ಮಾತಿಗೆ ಕಿವಿಗೊಡುತ್ತಾ ಹಿಂದೆ ನಡೆಯುತ್ತಾರೆ. ಮನೆಯಲ್ಲಿ ಟೀವಿಯ ಧಾರಾವಾಹಿಯ ಕಥೆ ಬಿಟ್ಟರೆ ಅವಳನ್ನು ಯಾರೂ ಏನೂ ಕೇಳುವುದಿಲ್ಲ.

ಅಲ್ಲಿನ ಶಿಲ್ಪಗಳ ಕೆಳಗೆ ಕೆತ್ತಿದವರ ಹೆಸರುಗಳಿವೆ. ಹೆಚ್ಚು ಸಲ ಕಾಣುವುದು ಮಲ್ಲಿತಮ್ಮನದು. ಚಿಕ್ಕಮಗಳೂರು ಜಿಲ್ಲೆಯ ಅಮೃತಾಪುರದಲ್ಲಿ, 1196ರ ಅಮೃತೇಶ್ವರ ದೇವಾಲಯದಲ್ಲೂ ಮಲ್ಲಿತಮ್ಮ ಎಂಬ ರೂವಾರಿಯ ಕೆಲಸವಿದೆ. ಇಬ್ಬರೂ ಒಬ್ಬನೇ ಎಂದು ಶಿಲ್ಪದ ಇತಿಹಾಸ ಬರೆದವರಲ್ಲಿ ಹಲವರು ಹೇಳುತ್ತಾರೆ. ಹಾಗಿದ್ದರೆ ಅವನು ಅರವತ್ತು ವರ್ಷ ಉಳಿ ಹಿಡಿದವನು. ಸೋಮನಾಥಪುರದ ಕೆಲಸಕ್ಕೆ ಬಂದಾಗ ನಮ್ಮ ಗುಂಪಿನ ಹಿರಿಯರಷ್ಟೇ ವಯಸ್ಸಾಗಿರಬೇಕು. ಇದನ್ನು ಹೇಳಿದಾಗ ನಿವೃತ್ತ ಮೇಷ್ಟ್ರೊಬ್ಬರು ಕನ್ನಡಕ ಒರೆಸಿಕೊಂಡು ಒಂದೊಂದೇ ಶಿಲ್ಪದ ಬುಡ ನೋಡುತ್ತಾ ಹೊರಟರು. ಅವರ ಹಿಂದೆ ಮೂರುನಾಲ್ಕು ಮಂದಿ. "ಇಲ್ಲೊಂದು ಮಲ್ಲಿತಮ್ಮ, ಬನ್ನಿ ಬನ್ನಿ" ಎಂಬ ಕೂಗು ಜಗತಿಯ ಒಂದು ಮೂಲೆಯಿಂದ ಇನ್ನೊಂದಕ್ಕೆ ಹೋಗುತ್ತಿತ್ತು. ಊಟಕ್ಕೆ ಹೊರಡಿಸುವುದೇ ಕಷ್ಟವಾಯಿತು.

ಊಟ ಆದಮೇಲೆ ಇನ್ನೊಂದೇ ಜಾಗ. ತಲಕಾಡನ್ನು ನಾವು ಬೇಕೆಂದೇ ಸೇರಿಸುವುದಿಲ್ಲ, ಅಲ್ಲಿನ ಮರಳಿನಲ್ಲಿ ಕೋಲೂರಿ ನಡೆಯುವುದು ಆಗದ ಮಾತು. ತಿರುಮಕೂಡಲು ನರಸೀಪುರಕ್ಕೆ ಹೋಗುತ್ತೇವೆ. ಕಾವೇರಿ ಕಪಿಲೆ ಕೂಡುವ ಜಾಗ, ಗುಂಜಾ ನರಸಿಂಹನ ಗುಡಿ. ದೇವರ ಬೆರಳಲ್ಲಿ ಗುಲಗಂಜಿ ಇದೆ. ಕಾಶಿಗಿಂತ ಈ ಕ್ಷೇತ್ರ ಒಂದು ಗುಲಗಂಜಿ ತೂಕ ಹೆಚ್ಚು ಎಂದು ಆ ಊರಿನ ನಂಬಿಕೆ. ಕಾಶಿಗೆ ಹೋಗಲಾಗಲಿಲ್ಲ ಎಂದು ಕೊರಗುತ್ತಿದ್ದವರಿಗೆ ಈ ಕಥೆ ಕೊಡುವ ಸಮಾಧಾನ ದೊಡ್ಡದು.

ವಾಪಸು ಬರುವಾಗಿನ ಬಸ್ಸೇ ಬೇರೆ. ಬೆಳಿಗ್ಗೆ ಪರಿಚಯದವರ ಪಕ್ಕವೇ ಕೂತವರು ಸಂಜೆ ಜಾಗ ಬದಲಿಸಿರುತ್ತಾರೆ. ಯಜಮಾನರು ತೀರಿಕೊಂಡ ಮೇಲೆ ಮದುವೆ ಮುಂಜಿಗೂ ಹೋಗದೆ ಉಳಿದಿದ್ದ ಒಬ್ಬ ತಾಯಿ ಹಿಂದಿನ ಸೀಟಿನಲ್ಲಿ ಸೋಬಾನೆ ಪದ ಹೇಳತೊಡಗಿದರು. ಅವರಿಗೆ ಅಷ್ಟೊಂದು ಪದ ಬರುತ್ತದೆ ಎಂಬುದು ಅವರ ಸೊಸೆಗೂ ಗೊತ್ತಿರಲಿಲ್ಲವಂತೆ. ಈಗ ಬಡಾವಣೆಯಲ್ಲಿ ಯಾರ ಮನೆಯಲ್ಲಿ ಶುಭಕಾರ್ಯವಾದರೂ ಅವರನ್ನು ಕರೆಯುತ್ತಾರೆ, ಅವರೂ ಹೋಗುತ್ತಾರೆ.

ವಿಶ್ವ ಆರೋಗ್ಯ ಸಂಸ್ಥೆ 2023ರ ನವೆಂಬರಿನಲ್ಲಿ ಜನರ ನಡುವಿನ ಒಡನಾಟದ ಬಗ್ಗೆಯೇ ಒಂದು ಆಯೋಗ ರಚಿಸಿತು. ಒಂಟಿತನ ಬರೀ ಮನಸ್ಸಿನ ಬೇಸರವಲ್ಲ, ಅದು ಹೃದಯಕ್ಕೂ ಮೆದುಳಿಗೂ ಕೇಡು ಎಂಬುದನ್ನು ಜಗತ್ತು ಈಗ ಗಂಭೀರವಾಗಿ ತೆಗೆದುಕೊಂಡಿದೆ. ನಮ್ಮ ಬೀದಿಯಲ್ಲಿ ಇದರ ಅರ್ಥ ಬಹಳ ಸರಳ. ಮಕ್ಕಳು ಬೆಂಗಳೂರಿನಲ್ಲೋ ಅಮೆರಿಕದಲ್ಲೋ ಇರುತ್ತಾರೆ. ಬೆಳಗಿನ ನಡಿಗೆಗೆ ಒಬ್ಬರು ಎರಡು ದಿನ ಬರದಿದ್ದರೆ, ಜೊತೆಗೆ ಬಸ್ಸಿನಲ್ಲಿ ಕೂತವರು ಮೂರನೆಯ ದಿನ ಬಾಗಿಲು ತಟ್ಟುತ್ತಾರೆ. ಮೊದಲು ಯಾರು ಯಾರ ಮನೆ ಎಂದೇ ಗೊತ್ತಿರಲಿಲ್ಲ.

ನಮ್ಮಲ್ಲಿ ಇನ್ನೂ ಬಗೆಹರಿಯದ ಒಂದು ಚರ್ಚೆ ಇದೆ. ಮರೆವಿನ ಕಾಯಿಲೆ ಶುರುವಾದವರನ್ನು ಕರೆದುಕೊಂಡು ಹೋಗಬೇಕೇ? ಬೇಡ ಎನ್ನುವವರ ಮಾತಿನಲ್ಲೂ ಹುರುಳಿದೆ: ಜನಸಂದಣಿಯಲ್ಲಿ ತಪ್ಪಿಸಿಕೊಂಡರೆ ಹೊಣೆ ಯಾರದು, ಹೊಸ ಜಾಗದಲ್ಲಿ ಗಾಬರಿಯಾದರೆ ಸಮಾಧಾನ ಮಾಡುವುದು ಹೇಗೆ? ನಾನು ಕರೆದುಕೊಂಡು ಹೋಗಬೇಕು ಎನ್ನುವವಳು. ಅವರೊಬ್ಬರಿಗಾಗಿಯೇ ಇಡೀ ದಿನ ಕೈಹಿಡಿದು ನಡೆಯುವ ಒಬ್ಬ ಜೊತೆಗಾರರು ಸಿಕ್ಕಿದರೆ, ಭಾನುವಾರದ ಗದ್ದಲವಿಲ್ಲದ ದಿನವಾದರೆ ಬರಲಿ. ಅವರನ್ನು ಹಗಲಿರುಳೂ ನೋಡಿಕೊಳ್ಳುವ ಹೆಂಡತಿಗೋ ಮಗಳಿಗೋ ಆ ಒಂದು ದಿನ ಮೈ ಚಾಚಿ ಮಲಗಲು ಸಿಗುತ್ತದೆ ಎಂಬುದನ್ನೂ ಲೆಕ್ಕಕ್ಕೆ ಹಿಡಿಯಬೇಕು. ಕಾಲೇಜಿನ ಹುಡುಗ ಹುಡುಗಿಯರು ಇಂಥ ಜೊತೆಗೆ ಒಪ್ಪಿ ಬಂದರೆ ನಮ್ಮ ಎಷ್ಟೋ ತಕರಾರು ಅಲ್ಲೇ ಕರಗುತ್ತದೆ. ಈ ಮಾತು ಕೇಳುತ್ತಿರುವ ಎನ್ನೆಸ್ಸೆಸ್ ಅಧ್ಯಾಪಕರು ಯಾರಾದರೂ ಇದ್ದರೆ ದಯವಿಟ್ಟು ನಿಮ್ಮ ಹತ್ತಿರದ ಪಾರ್ಕಿನ ಹಿರಿಯರನ್ನು ಒಮ್ಮೆ ಮಾತಾಡಿಸಿ.

ಕೊನೆಯದಾಗಿ, ಪ್ರವಾಸಿ ತಾಣಗಳನ್ನು, ದೇವಸ್ಥಾನಗಳನ್ನು ನೋಡಿಕೊಳ್ಳುವ ಅಧಿಕಾರಿಗಳಲ್ಲಿ, ಊರಿನ ಪಂಚಾಯಿತಿ ಸದಸ್ಯರಲ್ಲಿ ಒಂದು ಕೋರಿಕೆ. ದೊಡ್ಡ ಯೋಜನೆಗಳನ್ನು ಕೇಳುತ್ತಿಲ್ಲ. ವಾಹನ ನಿಲ್ಲಿಸುವ ಜಾಗದಿಂದ ಬಾಗಿಲವರೆಗೆ ಐವತ್ತು ಹೆಜ್ಜೆಗೊಂದು ಒರಗುವ ಬೆಂಚು ಹಾಕಿಸಿ. ಮೆಟ್ಟಿಲಿದ್ದ ಕಡೆ, ಹಳೆಯ ಕಟ್ಟಡಕ್ಕೆ ಧಕ್ಕೆಯಾಗದಂತೆ, ಒಂದು ಬದಿಗಾದರೂ ಹಿಡಿಕಂಬಿ ಇರಲಿ. ಶೌಚಾಲಯಗಳಲ್ಲಿ ಒಂದಕ್ಕಾದರೂ ಕಮೋಡು, ಪಕ್ಕದ ಗೋಡೆಗೆ ಹಿಡಿದು ಏಳಲು ಒಂದು ಸರಳು, ಮತ್ತು ಅದಕ್ಕೆ ಬೀಗ ಹಾಕಿ ಕೀಲಿಯನ್ನು ದೂರದ ಕಚೇರಿಯಲ್ಲಿ ಇಡದಂತೆ ಒಂದು ಆದೇಶ. ಇಷ್ಟು ಮಾಡಿಸಿದ ಊರುಗಳ ಹೆಸರನ್ನು ನಮಗೆ ತಿಳಿಸಿ. ಮುಂದಿನ ಸಲ ಬಸ್ಸನ್ನು ಅಲ್ಲಿಗೇ ತರುತ್ತೇವೆ.